ಅಕ್ಕನ ಬಲಗೈಗೆ ಕಟ್ಟಿದ ಬೆಲೆ

ಬಿಸಿ ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವ ವಾಸನೆ ಬಂದರೆ ನಮ್ಮ ಕಡೆಯ ಯಾರಿಗೇ ಆಗಲಿ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ಪರೀಕ್ಷೆಯ ಮೇಲ್ವಿಚಾರಣೆಗೆಂದು ಮುಂಡರಗಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹತ್ತಿರ ಒಂದು ವಸತಿಗೃಹದಲ್ಲಿ ಕೋಣೆ ಕೊಟ್ಟಿದ್ದರು. ಬೆಳಗಿನ ಜಾವ ಹಿಂದಿನ ಓಣಿಯಲ್ಲಿ ಯಾರೋ ಹೆಂಗಸರು ರೊಟ್ಟಿ ಬಡಿಯಲು ಶುರು ಮಾಡಿದರು. ಮೊದಲು ಆ ಸಪ್ಪಳ, ಅದರ ಹಿಂದೆಯೇ ಕಿಟಕಿಯಿಂದ ಸುಟ್ಟ ಜೋಳದ ವಾಸನೆ. ಗದಗಿನ ಕೋರ್ಟಿಗೆ ಅಲೆದ ಆ ವರ್ಷ ಇಡಿಯಾಗಿ ಬಂದು ಎದೆಯ ಮೇಲೆ ಕೂತಿತು. ನಾಷ್ಟಾಕ್ಕೆ ಕರೆಯಲು ಬಂದ ಸಹೋದ್ಯೋಗಿ ನನ್ನ ಮುಖ ನೋಡಿ, "ಯಾಕ್ರೀ ಮೇಡಂ, ಮುಂಜಾನೆ ಮುಂಜಾನೆ ಯಾರ ಮ್ಯಾಲ ಇಷ್ಟು ಸಿಟ್ಟು?" ಎಂದರು. ಯಾರ ಮೇಲೆ ಎಂದು ಹೇಳಲಿ? ಒಬ್ಬಿಬ್ಬರಾಗಿದ್ದರೆ ಹೇಳಬಹುದಿತ್ತು.

ನನ್ನ ಅಕ್ಕ ಕಸ್ತೂರಿಯನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ. ಅವಳ ಗಂಡ ಶಿವಪ್ಪ ಮಾಮಾ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸದವರು. ಮಾತು ಕಡಿಮೆ, ಸಂಬಳ ಇನ್ನೂ ಕಡಿಮೆ. ಮಾಮಾನ ಅಣ್ಣ ಚನ್ನಬಸಪ್ಪನವರು ಆ ಮನೆಯ ಹಿರಿಯರು. ಒಂದು ಕಾಲಕ್ಕೆ ಪುರಸಭೆಯ ಸದಸ್ಯರಾಗಿದ್ದರು. ಸದಸ್ಯತ್ವ ಹೋಗಿ ಎಷ್ಟೋ ವರ್ಷವಾಗಿದೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯೂ ಗತ್ತೂ ಹೋಗಿಲ್ಲ. ಅಣ್ಣತಮ್ಮಂದಿರ ಎರಡೂ ಸಂಸಾರ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ. ಆ ಒಲೆ ಹೊತ್ತುತ್ತಿದ್ದುದು, ಎರಡೂ ಸಂಸಾರದ ಮಕ್ಕಳ ಶಾಲೆ ಕಾಲೇಜು ನಡೆಯುತ್ತಿದ್ದುದು ಅಕ್ಕನ ಎರಡು ಕೈಯಿಂದ. ಅವಳು ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು.

ಅಕ್ಕನ ರೊಟ್ಟಿಯ ಬಗ್ಗೆ ನಾನು ಹೇಳಿದರೆ ತಂಗಿಯ ಅಭಿಮಾನ ಎನ್ನಬಹುದು. ಆದರೂ ಹೇಳುತ್ತೇನೆ. ಹಂಚಿನಗಲದ ರೊಟ್ಟಿ ಬೆಳಕಿಗೆ ಹಿಡಿದರೆ ಆಚೆಗಿನ ಮುಖ ಕಾಣಬೇಕು, ಅಷ್ಟು ತೆಳುವು. ತಿಂಗಳುಗಟ್ಟಲೆ ಇಟ್ಟರೂ ಕೆಡುತ್ತಿರಲಿಲ್ಲ. ಊರಿನ ಖಾನಾವಳಿಗಳಿಗೆ, ಸುತ್ತಲಿನ ಮದುವೆ ಮನೆಗಳಿಗೆ ಹೋಗುತ್ತಿತ್ತು. ಹಂಗಾಮಿನಲ್ಲಿ ಓಣಿಯ ಇಬ್ಬರು ಹೆಂಗಸರು ಹಿಟ್ಟು ನಾದಲು ಬರುತ್ತಿದ್ದರು. ಬಡಿಯುವುದು ಮಾತ್ರ ಅಕ್ಕನೇ. ಎಡಗೈ ತಿರುಗಿಸುತ್ತಾ ಹೋಗುತ್ತದೆ, ಬಲಗೈ ಬಡಿಯುತ್ತಾ ಹೋಗುತ್ತದೆ, ಮಣಿಕಟ್ಟು ಒಂದು ಕ್ಷಣವೂ ಬಿಗಿಯಾಗುವಂತಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೀತಿ ಹೇಳಲೇಬೇಕು. ರೊಟ್ಟಿ ಕೊಳ್ಳುವವರು ಬೇಕಾದಷ್ಟು ಜನ, ಕೊಂಡೆವು ಎನ್ನುವವರು ಒಬ್ಬರೂ ಇಲ್ಲ. ಖಾನಾವಳಿಯ ಫಲಕದ ಮೇಲೆ ‘ನಮ್ಮಲ್ಲೇ ಬಡಿದ ಬಿಸಿ ರೊಟ್ಟಿ, ಖಡಕ್ ರೊಟ್ಟಿ’ ಎಂದು ಬರೆದಿರುತ್ತದೆ. ರೊಟ್ಟಿ ಹಿಂಬಾಗಿಲಿನಿಂದ ಬಂದಿರುತ್ತದೆ. ಮದುವೆ ಮನೆಯವರು ಬೀಗರ ಮುಂದೆ, "ನಮ್ಮ ಹೆಣ್ಮಕ್ಕಳ ಎಲ್ಲಾ ಕೂಡಿ ಬಡದಾರ್ರಿ" ಎನ್ನುತ್ತಾರೆ. ಒಳಗಿನ ಹೆಂಗಸರು ತುಟಿ ಪಿಟಕ್ಕೆನ್ನುವುದಿಲ್ಲ. ರೊಟ್ಟಿ ಕೊಂಡು ತಿನ್ನುವ ಮನೆ ಎಂದರೆ ಅಲ್ಲಿ ಹೆಂಗಸರು ಕೈಲಾಗದವರು ಎಂದೇ ಲೆಕ್ಕ. ಅಕ್ಕ ಇದೆಲ್ಲ ತಿಳಿದವಳು. ಬುಟ್ಟಿಗೆ ಬಿಳಿ ಧೋತರ ಮುಚ್ಚಿ ಹಿಂಬಾಗಿಲಲ್ಲಿ ಇಳಿಸಿ, ಮುಂಬಾಗಿಲಿನಿಂದ ನೆಂಟರ ಹಾಗೆ ಒಳಗೆ ಹೋಗಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಬರುತ್ತಿದ್ದಳು. ಚನ್ನಬಸಪ್ಪನವರದು ಇನ್ನೊಂದು ಬಗೆ. "ನಮ್ಮ ಮನ್ಯಾಗ ಯಾರೂ ರೊಟ್ಟಿ ಮಾರಂಗಿಲ್ಲ. ಬೇಕಾದವ್ರಿಗೆ ಮಾಡಿ ಕೊಡ್ತಾರ, ಅಷ್ಟ" ಎನ್ನುತ್ತಿದ್ದರು. ಆಗ ನಾವು ನಗುತ್ತಿದ್ದೆವು.

ಅದು ವೈಶಾಖ. ಶಿರಹಟ್ಟಿಯಲ್ಲಿ ದೊಡ್ಡ ಮದುವೆಯೊಂದಿತ್ತು. ರೊಟ್ಟಿಯ ಬುಟ್ಟಿಗಳನ್ನು ಟಂಟಂ ಎಂಬ ಮೂರು ಗಾಲಿಯ ಗಾಡಿಯಲ್ಲಿ ಇಟ್ಟುಕೊಂಡು ಅಕ್ಕ ಹೊರಟಿದ್ದಳು. ಎರೆಹೊಲಗಳು ಒಣಗಿ ಬಾಯಿ ಬಿಟ್ಟಿದ್ದವು, ರಸ್ತೆಯ ಮೇಲೆ ಬಿಸಿಗಾಳಿ. ಎದುರಿನಿಂದ ಬರುತ್ತಿದ್ದ ಕಾರೊಂದು ಮುಂದಿನ ಲಾರಿಯನ್ನು ಹಿಂದೆ ಹಾಕುವ ಅವಸರದಲ್ಲಿ ತನ್ನ ದಾರಿ ಬಿಟ್ಟು ಬಂದು ಟಂಟಂಗೆ ಬಡಿಯಿತು. ಚಾಲಕನಿಗೆ ಹಣೆ ಒಡೆಯಿತು, ಬದುಕಿದ. ಬುಟ್ಟಿ ಬೀಳದಂತೆ ಹಿಡಿಯಲು ಅಕ್ಕ ಚಾಚಿದ ಬಲಗೈ ಕಬ್ಬಿಣದ ಸರಳಿನ ಕೆಳಗೆ ಸಿಕ್ಕಿ ಮಣಿಕಟ್ಟಿನ ಎಲುಬು ಪುಡಿಯಾಯಿತು. ಕಾರಿನಿಂದ ಇಳಿದ ಮನುಷ್ಯ ಮೊದಲು ತನ್ನ ಕಾರಿನ ಮೂತಿ ನೋಡಿದನಂತೆ. ಆಮೇಲೆ ಸುತ್ತ ಕೂಡಿದವರಿಗೆ, "ಗಾಡಿಗೆ ಇನ್ಶೂರನ್ಸ್ ಐತ್ರಿ, ಯಾರೂ ಚಿಂತಿ ಮಾಡಬ್ಯಾಡ್ರಿ" ಎಂದನಂತೆ. ರಸ್ತೆಯ ಮೇಲೆ ಚಿಂತೆ ಮಾಡುವ ಸ್ಥಿತಿಯಲ್ಲಿದ್ದವಳಿಗೆ ಆಗ ಎಚ್ಚರವೇ ಇರಲಿಲ್ಲ.

ಗದಗಿನ ಆಸ್ಪತ್ರೆಗೆ ತಂದರು. ನಾನು ಬೆಟಗೇರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ, ಗದಗಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಪಾಠದ ನಡುವೆ ಖಬರು ಬಂತು, ಓಡಿದೆ. ನಾನು ಒಳಗೆ ಅಕ್ಕನ ತಲೆ ಹಿಡಿದುಕೊಂಡು ನಿಂತಿದ್ದಾಗ ಹೊರಗೆ ಪೊಲೀಸರು ಬಂದು ಮನೆಯ ಹಿರಿಯರಿಂದ ಫಿರ್ಯಾದಿ ಬರೆಸಿಕೊಂಡರು. ಅದರ ನಕಲನ್ನು ನಾನು ಓದಿದ್ದು ಎಷ್ಟೋ ದಿನದ ಮೇಲೆ. ‘ಗಾಯಾಳುವು ನನ್ನ ತಮ್ಮನ ಹೆಂಡತಿ ಇದ್ದು, ಮನೆಯಲ್ಲಿಯೇ ಇರುತ್ತಾಳೆ, ಯಾವುದೇ ಉದ್ಯೋಗ ಇರುವುದಿಲ್ಲ. ಸದರಿಯವಳು ಸಂಬಂಧಿಕರ ಮದುವೆಗೆ ಬುತ್ತಿ ತೆಗೆದುಕೊಂಡು ಹೊರಟಿರುವಾಗ…’

ಬುತ್ತಿ! ನೆಂಟರ ಮನೆಗೆ ಬರಿಗೈಯಲ್ಲಿ ಹೋಗದೆ ರೊಟ್ಟಿ ಪಲ್ಯ ಕಟ್ಟಿಕೊಂಡು ಹೋಗುತ್ತೇವಲ್ಲ, ಆ ಬುತ್ತಿ. ಅದು ಮರ್ಯಾದೆಯ ವಸ್ತು. ತಮ್ಮನ ಹೆಂಡತಿ ಮಾರಲು ಒಯ್ಯುತ್ತಿದ್ದ ರೊಟ್ಟಿಯನ್ನು ಚನ್ನಬಸಪ್ಪನವರು ಒಂದೇ ಮಾತಿನಲ್ಲಿ ಬುತ್ತಿ ಮಾಡಿಬಿಟ್ಟರು. ರಕ್ತ ಇನ್ನೂ ಒಣಗಿರಲಿಲ್ಲ, ಅವರಿಗೆ ಆಗಲೂ ಊರಿನವರು ಏನೆಂದಾರು ಎಂಬ ಚಿಂತೆ. ಮೈ ಉರಿದುಹೋಯಿತು ನನಗೆ. ಪೊಲೀಸರಿಗೇನು, ಹೇಳಿದ್ದನ್ನು ಬರೆದುಕೊಂಡು ಹೋದರು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ವ್ಯಾಯಾಮ ಮಾಡಿಸಿಕೊಳ್ಳಲು ಅಕ್ಕ ನನ್ನ ಮನೆಯಲ್ಲೇ ಉಳಿದಳು. ಕೈಯೊಳಗೆ ಲೋಹದ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದ್ದರು. ಮುಂಗಾರು ಬರಲೋ ಬೇಡವೋ ಎಂದು ಆಟ ಆಡಿಸುತ್ತಿದ್ದ ದಿನಗಳು. ಸುತ್ತಲಿನ ಮನೆಗಳಲ್ಲಿ ಮಗ್ಗದ ಸಪ್ಪಳ ಶುರುವಾಗುವ ಮೊದಲು, ಒಂದು ಮುಂಜಾನೆ, ಅಡುಗೆಮನೆಯಿಂದ ಬೇರೆ ಸಪ್ಪಳ ಕೇಳಿಸಿತು. ಒಂದು ಏಟು, ಮೌನ, ಮತ್ತೊಂದು ಏಟು. ಹೋಗಿ ನೋಡಿದರೆ ಅಕ್ಕ ಹಿಟ್ಟು ಹಾಕಿಕೊಂಡು ಕೂತಿದ್ದಾಳೆ. ಬಲಗೈ ಹಲಗೆಯ ಮೇಲೆ ಮರದ ತುಂಡಿನಂತೆ ಬೀಳುತ್ತಿದೆ, ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು ತೂತು. ಅದನ್ನು ಮುದ್ದೆ ಮಾಡುತ್ತಾಳೆ, ಮತ್ತೆ ಬಡಿಯುತ್ತಾಳೆ. ಹಣೆಯಿಂದ ಇಳಿದ ಬೆವರನ್ನು ಎಡಗೈ ರಟ್ಟೆಯಿಂದ ಒರೆಸಿಕೊಳ್ಳುತ್ತಿದ್ದಳು. "ಬಿಡ ಅಕ್ಕಾ, ಸಾಕು" ಎಂದೆ. "ಹಿಟ್ಟು ಛಲೋ ಇಲ್ಲ ಸುಮಾ. ಹಳೇ ಜ್ವಾಳಾ ಕಾಣ್ತೈತಿ, ಜಿಗಿನ ಇಲ್ಲ" ಎಂದಳು. ಹಿಟ್ಟು ಹಿಂದಿನ ದಿನವಷ್ಟೇ ಬೀಸಿಸಿದ್ದು, ಜೋಳ ಅವಳದೇ ಮನೆಯಿಂದ ಬಂದದ್ದು.

ಅವಳಿಗೆ ‘ಆಗುವುದಿಲ್ಲ’ ಎಂಬ ಮಾತು ಬಾಯಿಗೇ ಬರುತ್ತಿರಲಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಡಾಕ್ಟರ ಹತ್ತಿರ ಹೋದಾಗಲೂ ಇದೇ ಗೋಳು. ಅವರು ಕೋನಮಾಪಕದಂಥ ಸಾಧನ ಇಟ್ಟು ಮಣಿಕಟ್ಟು ಎಷ್ಟು ಬಾಗುತ್ತದೆ ಎಂದು ಅಳೆದರು. ಆಮೇಲೆ ಕೇಳಿದರು, "ತಲಿ ಬಾಚ್ಕೋತೀರೇನ್ರಿ?" "ಬಾಚ್ಕೋತೀನ್ರಿ." "ಅರಿವಿ ಒಗೀತೀರಿ?" "ಒಗೀತೀನ್ರಿ." ದಿನಾ ಅವಳ ತಲೆ ಬಾಚುತ್ತಿದ್ದವಳು ನಾನು! "ಡಾಕ್ಟರ, ಹೆರಳ ಹಾಕಾಕ ಬರಂಗಿಲ್ರಿ ಅಕಿಗೆ" ಎಂದು ನಡುವೆ ಬಾಯಿ ಹಾಕಿದೆ. ಅವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಪರಿಹಾರದ ಆಸೆಗೆ ಹೆಚ್ಚು ಹೇಳುವ ನೆಂಟರನ್ನು ಅವರು ದಿನಾ ನೋಡುತ್ತಿರಬೇಕು. ಅಕ್ಕ ಹೇಳಿದ್ದನ್ನೇ ಬರೆದರು.

ಕಾರಿನ ವಿಮೆ ಕಂಪನಿಯ ಮೇಲೆ ಪರಿಹಾರದ ದಾವೆ ಹಾಕಿಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ ರೇಖಾ. ಈಗ ಗದಗಿನಲ್ಲಿ ವಕೀಲೆ. ಬುದ್ಧಿವಂತೆ, ನಮ್ಮ ಮೇಲೆ ಅಕ್ಕರೆ ಇದ್ದವಳು. ತನ್ನ ಚಿಕ್ಕ ಆಫೀಸಿನಲ್ಲಿ ನನ್ನನ್ನು ಕೂರಿಸಿ ತಿಳಿಸಿ ಹೇಳಿದಳು, ಒಂದು ಕಾಲಕ್ಕೆ ನಾನು ಅವಳಿಗೆ ಛಂದಸ್ಸು ಹೇಳಿದ ಹಾಗೆ.

"ಇದು ಮೂರು ಮಾತಿನ ಮ್ಯಾಲ ನಿಂತೈತ್ರಿ ಮೇಡಂ. ವಯಸ್ಸು, ಗಳಿಕಿ, ಊನ. ವಯಸ್ಸಿಗೆ ಒಂದು ಕೋಷ್ಟಕ ಐತಿ, ಅದರಾಗಿನ ಅಂಕಿಲೆ ಗುಣಸ್ತಾರ. ಊನ ಡಾಕ್ಟರ ಬರೀತಾರ. ಅವರು ಕೈಗೆ ಅಂತ ಬರದಿದ್ದನ್ನ ಕೋರ್ಟಿನ್ಯಾಗ ಇಡೀ ಮೈಗೆ ಅಂತ ಇಳಸ್ತಾರ. ಬಹಳ ಸಲ ಮೂರನೇ ಒಂದು ಪಾಲು ಹಿಡೀತಾರ."

"ಇಡೀ ಮೈಲೆ ಯಾರ ರೊಟ್ಟಿ ಬಡೀತಾರವಾ?" ಎಂದೆ.

"ಅದನ್ನ ನಾವು ವಾದ ಮಾಡಬೇಕ್ರಿ. ಯಾವ ಕೆಲಸಕ್ಕ ಯಾವ ಅಂಗ ಬೇಕು ಅಂತ ತೋರಿಸಿದ್ರ ಪೂರಾ ಗಳಿಕೀನ ಹೋಗೇತಿ ಅಂತ ಹಿಡಿಯಾಕ ಬರ್ತೈತಿ. ಆದ್ರ ಮೊದಲ ಅಕ್ಕಾರು ರೊಟ್ಟಿ ಮಾರಿ ಗಳಸ್ತಿದ್ರು ಅನ್ನೋದು ಸಾಬೀತ ಆಗಬೇಕು. ಇಲ್ಲಂದ್ರ ಮನೀ ಹೆಣ್ಮಗಳು ಅಂತ ಒಂದು ಕಾಲ್ಪನಿಕ ಆದಾಯ ಹಿಡೀತಾರ್ರಿ."

ಕಾಲ್ಪನಿಕ ಆದಾಯ. ಇಷ್ಟು ವರ್ಷ ಕನ್ನಡ ಕಲಿಸಿದ್ದೇನೆ, ಆ ಪದ ಇಷ್ಟು ಚುಚ್ಚಬಹುದೆಂದು ಗೊತ್ತಿರಲಿಲ್ಲ. ಬೆಂಕಿಯ ಮುಂದೆ ಕೂತು ದುಡಿದದ್ದು ಕಲ್ಪನೆಯಂತೆ. ಅಷ್ಟರಲ್ಲಾಗಲೇ ಆ ಕಾರು ರಿಪೇರಿಯಾಗಿ, ಬಣ್ಣ ಹೊಡೆಸಿಕೊಂಡು ಲಕ್ಷ್ಮೇಶ್ವರದ ಬಜಾರಿನಲ್ಲಿ ಓಡಾಡುತ್ತಿರುವುದನ್ನು ಮಾಮಾ ನೋಡಿ ಬಂದಿದ್ದರು. ಅದರ ಮುರಿದ ಭಾಗಗಳಿಗೆಲ್ಲ ದರ ಇತ್ತು, ಗ್ಯಾರೇಜಿನವನು ಬರೆದ ಹಾಗೆ ಕಂಪನಿ ಕೊಟ್ಟಿತ್ತು. ದೀಪವೊಂದನ್ನು ಇಡೀ ಕಾರಿಗೆ ಹೋಲಿಸಿ ಮೂರನೇ ಒಂದು ಪಾಲು ಕೊಡುತ್ತೇವೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಸಾಕ್ಷಿ ಹುಡುಕಲು ಹೊರಟೆವು. ಅಕ್ಕನಿಂದ ವರ್ಷಗಟ್ಟಲೆ ರೊಟ್ಟಿ ಒಯ್ದ ಖಾನಾವಳಿಯ ಮಾಲೀಕ ನಮ್ಮನ್ನು ಕೂರಿಸಿ ಚಹಾ ಕೊಟ್ಟ. ತಲೆಯ ಮೇಲೆ ‘ನಮ್ಮಲ್ಲೇ ಬಡಿದ’ ಎಂಬ ಫಲಕ. "ಅಕ್ಕಾರ ಋಣಾ ಐತ್ರಿ ನನ್ನ ಮ್ಯಾಲ. ಏನರ ಕೇಳ್ರಿ, ಇದೊಂದು ಬಿಟ್ಟು. ನಾ ಹೊರಗಿಂದ ರೊಟ್ಟಿ ತರಸ್ತೀನಿ ಅಂತ ಕೋರ್ಟಿನ್ಯಾಗ ಹೇಳಿದ್ರ ನಾಳಿಂದ ಗಿರಾಕಿ ಯಾಂವ ಬರ್ತಾನ್ರಿ?" ಎಂದು ಕೈಮುಗಿದ. ಶಿರಹಟ್ಟಿಯ ಮದುವೆ ಮನೆಯವರಂತೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಒಳಗೆ ಹೊಸ ಬೀಗರು ಕೂತಿದ್ದರಂತೆ. ಆ ಬೀಗರಿಗೆ ರೊಟ್ಟಿ ಮನೆಯವರೇ ಬಡಿದದ್ದೆಂದು ಹೇಳಿ ಆಗಿತ್ತು, ಅಕ್ಕನ ಬುಟ್ಟಿಗಳು ರಸ್ತೆಯ ಪಾಲಾದ ಮೇಲೆ ಇನ್ನೆಲ್ಲಿಂದಲೋ ತರಿಸಿದ್ದರೂ! "ತಂಗೀ, ಈ ಮಾತು ಮತ್ತೆಲ್ಲೂ ಎತ್ತಬ್ಯಾಡ" ಎಂದು ಆ ಮನೆಯ ಹಿರಿಯ ಹೆಂಗಸು ಪಿಸುಗುಟ್ಟಿದಳು. ಹಿಟ್ಟು ನಾದುತ್ತಿದ್ದ ಹೆಂಗಸರೂ ಟಂಟಂ ಚಾಲಕನೂ ಕೋರ್ಟು ಎಂದ ಕೂಡಲೇ ಹಿಂದೆ ಸರಿದರು. ಇಡೀ ತಾಲ್ಲೂಕು ಅಕ್ಕನ ರೊಟ್ಟಿ ತಿಂದಿತ್ತು. ಬಾಯಿ ಬಿಡುವವರು ಒಬ್ಬರೂ ಸಿಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಒಬ್ಬೊಬ್ಬರಿಗೂ ಶಾಪ ಹಾಕುತ್ತಾ ಬಂದೆ.

ನಡುವೆ ಲೋಕ ಅದಾಲತ್ ಬಂತು. ಕೋರ್ಟಿನ ಅಂಗಳದಲ್ಲಿ ಶಾಮಿಯಾನ, ಕುರ್ಚಿ, ನೀರಿನ ಕ್ಯಾನು. ವಿಮೆ ಕಂಪನಿಯ ಅಧಿಕಾರಿಗಳು ಒಂದು ಕಡೆ, ಕಾಲು ಎಳೆಯುವವರು, ಕೈ ಕಟ್ಟಿಕೊಂಡವರು, ಗಂಡನನ್ನು ಕಳೆದುಕೊಂಡವರು ಇನ್ನೊಂದು ಕಡೆ. ಹೆಸರು ಕರೆಯುತ್ತಿದ್ದರು, ಹೋಗಿ ಮಾತಾಡಿಕೊಂಡು ಸಹಿ ಮಾಡುತ್ತಿದ್ದರು. ವಿಮೆ ಕಂಪನಿಯ ವಕೀಲರು ಒಂದು ಮೊತ್ತ ಹೇಳಿದರು. "ಮನ್ಯಾಗ ಇರೋ ಹೆಣ್ಮಗಳ ಲೆಕ್ಕಕ್ಕ ಇದು ಛಲೋ ಮೊತ್ತ ನೋಡ್ರಿ" ಎಂದರು. ಸಾವಕಾಶವಾಗಿ ಮಾತಾಡುವ, ನರೆತ ಕೂದಲಿನ ಮನುಷ್ಯ. ಬೈಯಲು ಸಹ ಆಸ್ಪದ ಕೊಡದಷ್ಟು ಮರ್ಯಾದಸ್ಥರು. ಚನ್ನಬಸಪ್ಪನವರು, "ಆತು, ತಗೊಂಡು ಮುಗಿಸೂಣು. ಎಷ್ಟ ದಿನಾ ಈ ಕಟ್ಟಿ ಏರೋದು" ಎಂದರು.

ಅಕ್ಕ ಭಾವನ ಎದುರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಂದೇ ನೋಡಿದ್ದು. "ಏನೂ ಮಾಡದಾಕಿ ಅನ್ನೋ ಲೆಕ್ಕದ ರೊಕ್ಕ ನನಗ ಬ್ಯಾಡ್ರಿ ಭಾವಾರ. ದುಡದಾಕಿ ಅಂತ ಬರದು ಕೊಡ್ಲಿ. ಕಡಿಮಿ ಕೊಟ್ರೂ ತಗೋತೀನಿ."

ಚನ್ನಬಸಪ್ಪನವರು ಅಂಗಿಯ ತೋಳು ಸರಿಮಾಡಿಕೊಳ್ಳುತ್ತಾ ಆಚೆ ನೋಡಿದರು. ಮಾಮಾ ಹೆಂಡತಿಯ ಪಕ್ಕಕ್ಕೆ ಬಂದು ನಿಂತರು, ಅಷ್ಟೇ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಇನ್ನು ಗೆದ್ದೆವು ಎಂದುಕೊಂಡೆ.

ಅಕ್ಕನ ಪಾಟೀಸವಾಲು ಬಂದದ್ದು ಮರುವರ್ಷದ ಆಷಾಢದಲ್ಲಿ. ಗದಗಿನ ಆಷಾಢದ ಗಾಳಿ ಗೊತ್ತಿದ್ದವರಿಗೆ ಗೊತ್ತು, ಮನುಷ್ಯರನ್ನೇ ದೂಡಿಕೊಂಡು ಹೋಗುತ್ತದೆ. ಕೋರ್ಟಿನ ಕಿಟಕಿಯ ಬಾಗಿಲುಗಳು ಬಡಿದುಕೊಳ್ಳುತ್ತಿದ್ದವು. ಹಿಂದಿನ ದಿನ ರೇಖಾ ಅಕ್ಕನಿಗೆ ತಿಳಿಹೇಳಿದ್ದಳು. "ಕೇಳಿದ್ದಕ್ಕ ಖರೆ ಇದ್ದಷ್ಟ ಹೇಳ್ರಿ ಅಕ್ಕಾರ. ಆಗಂಗಿಲ್ಲ ಅನ್ನೋದನ್ನ ಆಗಂಗಿಲ್ಲ ಅಂತ ಹೇಳ್ರಿ, ಅಷ್ಟ ಸಾಕು." ಅಕ್ಕ ತಲೆಯಾಡಿಸಿದ್ದಳು.

ಖರೆ ಏನಿತ್ತು? ಅಕ್ಕ ಲಕ್ಷ್ಮೇಶ್ವರಕ್ಕೆ ಮರಳಿ ತಿಂಗಳುಗಳಾಗಿದ್ದವು. ಎಡಗೈಯಿಂದ ಅನ್ನ ಸಾರು ಹೇಗೋ ಮಾಡುತ್ತಿದ್ದಳು. ರೊಟ್ಟಿ ಸಾಧ್ಯವೇ ಇರಲಿಲ್ಲ. ಚನ್ನಬಸಪ್ಪನವರ ಹೆಂಡತಿಗೆ ಮೊದಲಿನಿಂದ ಮೊಣಕಾಲು ನೋವು, ಒಲೆಯ ಮುಂದೆ ಕೂರುವಂತಿಲ್ಲ. ಹಾಗಾಗಿ ಊರಿಗೆಲ್ಲ ರೊಟ್ಟಿ ಕೊಟ್ಟ ಮನೆಗೆ ಈಗ ರೊಟ್ಟಿ ಹೊರಗಿನಿಂದ ಬರುತ್ತಿತ್ತು. ಹಿಂದೆ ಅಕ್ಕನ ಜೊತೆ ಹಿಟ್ಟು ನಾದುತ್ತಿದ್ದವಳೇ ತಂದು ಕೊಡುತ್ತಿದ್ದಳು. ಹಿಂಬಾಗಿಲಿನಿಂದ, ಸೆರಗಿನ ಮರೆಯಲ್ಲಿ.

ಕಟಕಟೆಯಲ್ಲಿ ಅಕ್ಕ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಬೆಂಚಿನ ಮೇಲೆ ಮಾಮಾ, ಚನ್ನಬಸಪ್ಪನವರು, ನಾನು. ಹಿಂದೆ ಬೇರೆ ಕೇಸುಗಳಿಗೆ ಬಂದ ಲಕ್ಷ್ಮೇಶ್ವರದ ಪರಿಚಯದವರೂ ಇದ್ದರು. ಫಿರ್ಯಾದಿಯಲ್ಲಿದ್ದ ಬುತ್ತಿಯ ಮಾತು ಬಂತು. "ಅದು ಬುತ್ತಿ ಅಲ್ರಿ, ಮಾರೋ ರೊಟ್ಟಿ" ಎಂದು ಅಕ್ಕ ಸರಿಯಾಗಿಯೇ ಹೇಳಿದಳು. ರೇಖಾ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಆಮೇಲೆ ವಿಮೆ ಕಂಪನಿಯ ವಕೀಲರು ದನಿ ಇನ್ನಷ್ಟು ಮೆತ್ತಗೆ ಮಾಡಿಕೊಂಡರು.

"ತಾಯಿ, ನಿಮ್ಮದು ದೊಡ್ಡ ಮನಿತನ. ಬಂದು ಹೋಗೋ ಮಂದಿ ಭಾಳ ಇರ್ತಾರ, ಹೌದಲ್ರಿ?"

"ಹೌದ್ರಿ. ನಮ್ಮ ಮನ್ಯಾಗ ಯಾರನ್ನೂ ಉಪವಾಸ ಕಳಸಂಗಿಲ್ರಿ."

"ಅದ ಮತ್ತ. ಈಗ ಅಷ್ಟು ಮಂದಿಗೆ ಅಡಗಿ ಯಾರ್ರಿ ಮಾಡೋದು?"

ಅಕ್ಕ ಒಮ್ಮೆ ಬೆಂಚಿನ ಕಡೆ ನೋಡಿದಳು. ಅವಳ ಮುಖದಲ್ಲಿ ಆದ ಬದಲಾವಣೆ ನನಗೆ ಕಾಣಿಸಿತು.

"ನಾನ ಮಾಡ್ತೀನ್ರಿ."

"ರೊಟ್ಟಿ?"

"ರೊಟ್ಟೀನೂ ನಾನ ಬಡೀತೀನ್ರಿ. ನಮ್ಮ ಮನ್ಯಾಗ ಮತ್ತ್ಯಾರ ಬಡೀಬೇಕ್ರಿ?"

ಬೆರಳಚ್ಚಿನವರು ಬಡಿದರು. ‘ಮನೆಯ ಅಡುಗೆಯನ್ನು ಮತ್ತು ರೊಟ್ಟಿಯನ್ನು ಈಗಲೂ ನಾನೇ ಮಾಡುತ್ತೇನೆ ಎಂದರೆ ಸರಿ.’ ವಕೀಲರು, "ಇಷ್ಟ ಸಾಕ್ರಿ" ಎಂದು ಕೂತರು. ರೇಖಾ ಎದ್ದು ನ್ಯಾಯಾಧೀಶ ಸಾಹೇಬರ ಅನುಮತಿ ಕೇಳಿ ಇನ್ನೊಮ್ಮೆ ವಿಚಾರಿಸಿದಳು. "ಅಕ್ಕಾರ, ಅಪಘಾತ ಆದ ಮ್ಯಾಲೂ ನೀವ ಬಡೀತೀರೇನ್ರಿ? ಮೊದಲಿನಂಗ?" ಅಕ್ಕ ಕಣ್ಣು ಕೆಳಗೆ ಹಾಕಿ, "ಹ್ಞೂಂ ರೀ, ಮೊದಲಿನಂಗ" ಎಂದಳು.

ಹೊರಗೆ ಬಂದ ಮೇಲೆ ನಾನು ತಡೆದುಕೊಳ್ಳಲಿಲ್ಲ. ಧೂಳಿನ ಗಾಳಿಯಲ್ಲಿ ನಿಂತು ಅವಳ ಮೇಲೆ ಎಗರಾಡಿದೆ. ಅದಾಲತ್ತಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದವಳಿಗೆ ಇಂದು ಏನಾಯಿತು ಎಂದೆ. ಅಕ್ಕ ಗಾಳಿಗೆ ಹಾರುತ್ತಿದ್ದ ಸೆರಗನ್ನು ಎಡಗೈಯಿಂದ ಎಳೆದು ಬಲಗೈ ಮುಚ್ಚಿಕೊಂಡಳು.

"ಹೆಂಗ ಹೇಳ್ಲಿ ಸುಮಾ? ನಮ್ಮ ಮನ್ಯಾಗ ರೊಟ್ಟಿ ಕೊಂಡ ತಿಂತಾರ ಅಂತ ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ? ಎಷ್ಟ ಮಂದಿ ಮನಿ ಮರ್ಯಾದಿ ಮುಚ್ಚಿ ಇಟ್ಟೀನಿ ನಾ ಇಷ್ಟು ವರ್ಷ. ನಮ್ಮ ಮನೀದ ಒಂದು ಬಿಚ್ಚಿ ಇಡ್ಲೇನು?"

ನನಗೆ ಸಿಟ್ಟು ಅವಳ ಮೇಲಿಂದ ಸರಿದು ಆ ಕಟ್ಟಡದ ಮೇಲೆ ಹೋಯಿತು. ಇದೆಂಥ ವ್ಯವಸ್ಥೆ? ಮೈಯೊಳಗಿನ ಕೊರತೆಯನ್ನು ಊರ ಮುಂದೆ ಬಿಚ್ಚಿ ತೋರಿಸಿದಷ್ಟೂ ಪರಿಹಾರ ಹೆಚ್ಚು. ಅಯ್ಯೋ ನಾನು ಯಾತಕ್ಕೂ ಬಾರದವಳಾದೆ ಎಂದು ಎದೆ ಬಡಿದುಕೊಂಡು ಹೇಳಬಲ್ಲವರಿಗೆ ಒಂದು ಲೆಕ್ಕ. ಬಿದ್ದ ಮೇಲೂ ಎದ್ದು ನಿಂತೆ ಎನ್ನುವವರಿಗೆ, ನೋವು ನುಂಗಿಕೊಂಡು ಆಗುತ್ತದೆ ಎನ್ನುವವರಿಗೆ ದಂಡ. ಮಾನವಿದ್ದವರು ಅಲ್ಲಿಗೆ ಹೋಗಲೇಬಾರದು ಎಂದು ನಾನು ರೇಖಾಳ ಮುಂದೆ ಕೂಗಾಡಿದೆ. ಅವಳು ಪಾಪ, ಕಪ್ಪು ಕೋಟು ಮಡಚಿ ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡಳು.

ನಮ್ಮ ಹಿಂದೆಯೇ ನಿಂತಿದ್ದ ಚನ್ನಬಸಪ್ಪನವರು ಎಲ್ಲವನ್ನೂ ಕೇಳಿದ್ದರು. ಮುಂದೆ ಬಂದು ರೇಖಾಳಿಗೆ, "ನಾ ಸಾಕ್ಷಿ ಹೇಳಾಕ ಬರ್ತೈತೇನ ತಂಗಿ?" ಎಂದರು. "ಯಾತಕ್ಕ ಬಡೀತೀನಿ ಅಂದ್ಲು ನನಗ ಗೊತ್ತೈತಿ. ಅಕಿಗೆ ಅದನ್ನ ಕಲಿಸಿದಾಂವ ನಾನ."

ನಾನು ಆ ಮನುಷ್ಯನನ್ನು ಅಲ್ಲಿಯವರೆಗೆ ಮನಸಾರೆ ಬೈದುಕೊಂಡಿದ್ದೆ, ಮುಂದೆಯೂ ಬೈಯುತ್ತಿದ್ದೆನೇನೋ. ಆದರೆ ಮುಂದಿನ ಮುದ್ದತ್ತಿನ ದಿನ ಅವರು ಕಟಕಟೆ ಹತ್ತಿದ್ದನ್ನು ನಾನು ಮರೆಯಲಾರೆ. ಅದೇ ಬಿಳಿ ಅಂಗಿ. ಊರಿನವರು ಕೂತಿದ್ದರು. "ಫಿರ್ಯಾದಿ ಒಳಗ ಸುಳ್ಳು ಹೇಳಿದಾಂವ ನಾನ್ರಿ. ನಮ್ಮ ಮನೀ ಹೆಣ್ಮಗಳು ರೊಟ್ಟಿ ಮಾರ್ತಾಳ ಅನ್ನಾಕ ನಾಚಿಕಿ ಬಂತ್ರಿ ನನಗ. ಅಕಿ ದುಡದಿದ್ದರಾಗ ನನ್ನ ಮಕ್ಕಳೂ ಸಾಲಿ ಕಲ್ತಾವ್ರಿ. ಈಗ ನಮ್ಮ ಮನಿಗೆ ರೊಟ್ಟಿ ಹೊರಗಿಂದ ಬರ್ತಾವ. ಇದು ಖರೆ." ಅಕ್ಕ ತಲೆ ಎತ್ತಲಿಲ್ಲ.

ವಿಮೆ ಕಂಪನಿಯ ವಕೀಲರು ಎದ್ದರು. "ಅಂದ್ರ ಪೊಲೀಸರ ಮುಂದ ಸುಳ್ಳು ಹೇಳಿದ್ರಿ?" "ಹೌದ್ರಿ." "ಅವಾಗ ಸುಳ್ಳು ಹೇಳಿದಾವ್ರು ಈಗ ಖರೆ ಹೇಳ್ತೀರಿ ಅಂತ ಹೆಂಗ ನಂಬೋದ್ರಿ? ಪರಿಹಾರ ಹೆಚ್ಚಿಗಿ ಬರ್ಲಿ ಅಂತ ಹೇಳ್ತೀರಿ, ಹೌದಲ್ಲ?" ಚನ್ನಬಸಪ್ಪನವರು ಕಟಕಟೆಯ ಅಂಚು ಹಿಡಿದುಕೊಂಡು, "ಅಲ್ರಿ… ಅಲ್ಲ" ಎಂದರು.

ತೀರ್ಪು ಬಂದಾಗ ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ಆಸ್ಪತ್ರೆಯ ಖರ್ಚು ಕೊಟ್ಟಿದ್ದರು. ನೋವು ಮತ್ತು ಯಾತನೆ ಎಂಬ ತಲೆಬರಹದ ಕೆಳಗೆ ಒಂದಿಷ್ಟು. ಮುಂದಿನ ಗಳಿಕೆಯ ನಷ್ಟ ಎಂಬಲ್ಲಿ ಮನೆಯಾಕೆಯ ಕಾಲ್ಪನಿಕ ಆದಾಯ, ಅದಕ್ಕೆ ಇಡೀ ಮೈಗೆ ಇಳಿಸಿದ ಊನ. ಕಾರಣವನ್ನೂ ಬರೆದಿದ್ದರು. ಮೊದಲು ಕೊಟ್ಟ ಫಿರ್ಯಾದಿ ಸಹಜವಾಗಿದೆ. ಹಿರಿಯರ ಸಾಕ್ಷ್ಯ ಪರಿಹಾರಕ್ಕಾಗಿ ಆಮೇಲೆ ಹೊಳೆದದ್ದು. ಅರ್ಜಿದಾರಳು ಈಗಲೂ ಮೊದಲಿನಂತೆ ರೊಟ್ಟಿ ಮಾಡುವುದಾಗಿ ತಾನೇ ಒಪ್ಪಿಕೊಂಡಿದ್ದಾಳೆ. ಎಲ್ಲ ಕೂಡಿಸಿದರೆ ಅದಾಲತ್ತಿನಲ್ಲಿ ಹೇಳಿದ್ದಕ್ಕಿಂತ ಕಡಿಮೆಯಾಗಿತ್ತು. ರೇಖಾ, "ಧಾರವಾಡಕ್ಕ ಅಪೀಲ ಹೋಗಾಕ ಬರ್ತೈತ್ರಿ. ಆದ್ರ ಅಲ್ಲೂ ಅವರು ಓದೋದು ಇದ ಹೇಳಿಕಿನ್ನ" ಎಂದು ನಿಜ ಹೇಳಿದಳು. ಅಕ್ಕ, "ಸಾಕವಾ. ನನಗ ಮತ್ತ ಅಲ್ಲಿ ನಿಂದ್ರಾಕ ಆಗಂಗಿಲ್ಲ" ಎಂದಳು. ಆಗಂಗಿಲ್ಲ ಎಂದು ಅವಳು ಅಂದದ್ದನ್ನು ನಾನು ಕೇಳಿದ್ದು ಅದೊಂದು ಸಲ.

ಮೆಟ್ಟಿಲಿಳಿಯುತ್ತಿದ್ದೆವು. ಹಿಂದಿನಿಂದ ವಿಮೆ ಕಂಪನಿಯ ವಕೀಲರು ಬಂದರು. ನಿಂತು ಅಕ್ಕನಿಗೆ ಕೈಮುಗಿದರು. ನಾಟಕವೇನೂ ಇರಲಿಲ್ಲ, ಮನಸ್ಸಿನಿಂದಲೇ ಮುಗಿದರು.

"ತಪ್ಪ ತಿಳ್ಕೋಬ್ಯಾಡ್ರಿ ತಾಯಿ, ನಮ್ಮ ಕೆಲಸ ನಾವು ಮಾಡಬೇಕಾಗ್ತೈತಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಖರೆ ಹೇಳ್ತೀನ್ರಿ ಮೇಡಂ, ಕಟಕಟಿ ಒಳಗ ನಿಮ್ಮ ಅಕ್ಕಾರಂಥ ಪ್ರಾಮಾಣಿಕರನ್ನ ನಾ ಭಾಳ ಕಡಿಮಿ ನೋಡೀನಿ."

"ನಮ್ಮಕ್ಕ ಅಲ್ಲಿ ನಿಂತು ರೊಟ್ಟಿ ಮಾರಿ ದುಡೀತಿದ್ದೆ ಅಂದ್ಲರಿ, ನೀವು ನಂಬಲಿಲ್ಲ. ಅದು ಬುತ್ತಿ ಅಲ್ಲ ಅಂದ್ಲು, ನಂಬಲಿಲ್ಲ" ಎಂದೆ. "ಅಕಿ ಹೇಳಿದ್ದರಾಗ ಸುಳ್ಳು ಅಂದ್ರ ಒಂದ ಇತ್ತು, ರೊಟ್ಟಿ ಬಡೀತೀನಿ ಅಂದಿದ್ದು. ನೀವೆಲ್ಲಾರೂ ಕೂಡಿ ಅದೊಂದನ್ನ ನಂಬಿದ್ರಿ."

ಅವರ ಕಣ್ಣು ಅಕ್ಕನ ಬಲಗೈ ಕಡೆಗೆ ಹೋಯಿತು. ಅಕ್ಕ ಅದನ್ನು ಲಗುಬಗೆಯಿಂದ ಸೆರಗಿನೊಳಗೆ ಎಳೆದುಕೊಂಡು ನನ್ನನ್ನು ಗದರಿದಳು.

"ಸುಮ್ಮನಿರ ಸುಮಾ. ದೊಡ್ಡವ್ರ ಅವರು, ಏನ ತಿಳ್ಕೊಂಡಾರು."